ಬನಾನಾ ಬ್ರೆಡ್ ಮೇಲೆ ಬೆಂದರೂ ನಡುವೆ ಅಂಟುವುದೇಕೆ?

ಪ್ರಶ್ನೆ: ತೋಟದ ಬಾಳೆಗೊನೆ ಹಣ್ಣಾಗಲು ಶುರುವಾದರೆ ಒಂದೇ ಸಲ ಎಲ್ಲವೂ ಹಣ್ಣಾಗಿಬಿಡುತ್ತದೆ. ಹಾಳಾಗುವುದು ಬೇಡ ಅಂತ ಬನಾನಾ ಬ್ರೆಡ್ ಮಾಡುತ್ತೇನೆ. ಓವನ್ ಒಳಗೆ ಚೆನ್ನಾಗಿ ಉಬ್ಬುತ್ತದೆ, ಮೇಲೆ ಒಳ್ಳೆ ಬಣ್ಣವೂ ಬರುತ್ತದೆ. ಹೊರಗೆ ತೆಗೆದರೆ ನಡು ಕುಸಿಯುತ್ತದೆ. ಕತ್ತರಿಸಿದರೆ ಒಳಗೆಲ್ಲ ಅಂಟಂಟು. ಓವನ್ ಕೆಟ್ಟಿದೆಯಾ?
(ಮಡಿಕೇರಿಯ ಓದುಗರು)

ಉತ್ತರ: ಓವನ್ ಮೇಲೆ ಆಮೇಲೆ ಅನುಮಾನ ಪಡೋಣ. ಮೊದಲು ಹೇಳಿ, ಹಣ್ಣನ್ನು ಎಣಿಸಿ ಹಾಕಿದಿರಾ, ಅಳೆದು ಹಾಕಿದಿರಾ?

ಬನಾನಾ ಬ್ರೆಡ್ ಅಮೆರಿಕದ ಅಡುಗೆಮನೆಗಳಿಂದ ಬಂದ ತಿಂಡಿ. ಅಲ್ಲಿನ ರೆಸಿಪಿಗಳಲ್ಲಿ ‘ಮೂರು ಬಾಳೆಹಣ್ಣು’ ಅಂತ ಬರೆದಿರುತ್ತದೆ. ಅವರ ಲೆಕ್ಕದ ಹಣ್ಣು ನಮ್ಮ ಪಚ್ಚಬಾಳೆಯ ಬಳಗದ್ದು, ಸಿಪ್ಪೆ ತೆಗೆದರೂ 100ರಿಂದ 120 ಗ್ರಾಂ ತೂಗುತ್ತದೆ. ಏಲಕ್ಕಿ ಬಾಳೆ ಸಾಮಾನ್ಯವಾಗಿ ಅದರ ಅರ್ಧದಷ್ಟೇ. ‘ನಮ್ಮದು ಚಿಕ್ಕದಲ್ವಾ’ ಅಂತ ಕಣ್ಣಂದಾಜಿನಲ್ಲಿ ಎಂಟು ಹಾಕುತ್ತೇವೆ. ಚಿಪ್ಪಿನಲ್ಲಿ ಇನ್ನೆರಡು ಉಳಿದಿರುತ್ತವೆ, ಸುಮ್ನೆ ಯಾಕೆ ಬಿಡೋದು ಅಂತ ಅವೂ ಒಳಗೆ ಹೋಗುತ್ತವೆ. ಬಾಳೆಹಣ್ಣಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಆ ನೀರನ್ನು ಹೀರಿಕೊಳ್ಳುವಷ್ಟು ಮೈದಾ ಇಲ್ಲದಿದ್ದರೆ ಒಂದೂವರೆ ಗಂಟೆ ಬೇಯಿಸಿದರೂ ನಡು ಮುದ್ದೆಯೇ.

ಆದ್ದರಿಂದ ಕಿವುಚಿದ ಹಣ್ಣನ್ನು ಕಪ್ಪಿನಲ್ಲಿ ಅಳೆಯಿರಿ. ಒಂದೂವರೆ ಕಪ್ ಮೈದಾಕ್ಕೆ ಒಂದು ಕಪ್ ಹಣ್ಣು, ಅಂದರೆ ಸುಮಾರು 225 ಗ್ರಾಂ. ಅದರ ಮೇಲೆ ಒಂದು ಚಮಚವೂ ಬೇಡ. ಇದಕ್ಕೆ ಎರಡು ಮೊಟ್ಟೆ, ಅರ್ಧ ಕಪ್ ಸಕ್ಕರೆ, ಮೂರನೇ ಒಂದು ಕಪ್ ಎಣ್ಣೆ, ಎರಡು ಚಮಚ ಮೊಸರು, ಚಿಟಿಕೆ ಉಪ್ಪು ಸಾಕು. ಬೆಣ್ಣೆ ಚಂದವೇ, ಆದರೆ ಮಳೆಗಾಲದ ಚಳಿಯಲ್ಲಿ ಅದು ಮೆತ್ತಗಾಗಲಿ ಅಂತ ಕಾಯುವ ತಾಳ್ಮೆ ಯಾರಿಗಿದೆ? ಕುಟ್ಟಿದ ಏಲಕ್ಕಿ ಮಾತ್ರ ಧಾರಾಳವಾಗಿ ಹಾಕಿ. ಕೊಡಗಿನಲ್ಲಿದ್ದು ವೆನಿಲ್ಲಾ ಹುಡುಕುವುದು ನನಗಂತೂ ಅರ್ಥವಾಗುವುದಿಲ್ಲ.

ಹಣ್ಣಿನ ಸಿಪ್ಪೆ ಕಪ್ಪು ಚುಕ್ಕೆ ತುಂಬಿ ಮೆತ್ತಗಾಗಿರಬೇಕು. ಕಾಯಿಯ ಪಿಷ್ಟ ಸಕ್ಕರೆಯಾಗುವುದು ಆಗಲೇ. ಪಚ್ಚಬಾಳೆ, ಏಲಕ್ಕಿ ಬಾಳೆ ಎರಡೂ ಆಗುತ್ತವೆ. ನೇಂದ್ರ ಬೇಡ. ಅದು ಹಣ್ಣಾದ ಮೇಲೂ ಗಟ್ಟಿ, ಕಿವುಚಿದರೆ ಗಂಟು ಗಂಟು. ಅದನ್ನು ತುಪ್ಪದಲ್ಲಿ ಹುರಿದು ತಿನ್ನುವುದೇ ಸರಿ.

ಇನ್ನು ನಡು ಕುಸಿಯುವ ವಿಷಯ. ಇದರಲ್ಲಿ ನಿಮ್ಮ ಊರಿನ ಪಾಲೂ ಇದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಸೋಡಾದಿಂದ ಹುಟ್ಟುವ ಗಾಳಿಗುಳ್ಳೆಗಳು ಬೇಗ ದೊಡ್ಡದಾಗುತ್ತವೆ. ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಪೂರ್ತಿ ಉಬ್ಬಿಬಿಡುತ್ತದೆ, ಆಮೇಲೆ ನಿಲ್ಲಲಾಗದೆ ಕುಸಿಯುತ್ತದೆ. ರೆಸಿಪಿಯಲ್ಲಿ ಒಂದು ಟೀ ಚಮಚ ಅಡುಗೆ ಸೋಡಾ ಇದ್ದರೆ ನೀವು ಮುಕ್ಕಾಲು ಹಾಕಿ. ಕುಶಾಲನಗರದಲ್ಲಿ ಇರುವವರಿಗೆ ಇದರ ತಲೆಬಿಸಿ ಕಡಿಮೆ, ಅವರು ಸುಮಾರು 300 ಮೀಟರ್ ಕೆಳಗಿದ್ದಾರೆ.

ಥರ್ಮಾಮೀಟರ್ ಚುಚ್ಚಿ ನೋಡುವ ಅಭ್ಯಾಸವಿದ್ದರೆ ಇನ್ನೊಂದು ಮಾತು. ನಡುವಿನ ಬಿಸಿ 98 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅಂತ ಕೆಲವರು ಬರೆಯುತ್ತಾರೆ. ಮಡಿಕೇರಿಯಲ್ಲಿ ನೀರು ಕುದಿಯುವುದೇ 96 ಡಿಗ್ರಿಯ ಹತ್ತಿರ. 98ಕ್ಕೆ ಕಾದು ಕೂತರೆ ಬ್ರೆಡ್ ಒಣಗುತ್ತದೆಯೇ ಹೊರತು ಮುಳ್ಳು ಅಲ್ಲಿಗೆ ಹೋಗುವುದಿಲ್ಲ. 94 ದಾಟಿದರೆ ತೆಗೆಯಿರಿ. ಥರ್ಮಾಮೀಟರ್ ಇಲ್ಲವೇ, ತೆಂಗಿನ ಕಡ್ಡಿ ಚುಚ್ಚಿ. ಹಸಿ ಹಿಟ್ಟು ಅಂಟದಿದ್ದರೆ ಆಯಿತು.

ಸೋಡಾ ಹಳೆಯದಾಗಿದೆಯೋ ಅನ್ನುವ ಅನುಮಾನವಿದ್ದರೆ ಚಿಟಿಕೆ ಸೋಡಾಕ್ಕೆ ಒಂದು ತೊಟ್ಟು ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬಿಡಿ. ಬುಸ್ ಎಂದು ನೊರೆ ಬಂದರೆ ಚೆನ್ನಾಗಿದೆ. ನಿಂಬೆರಸವೂ ಆಗುತ್ತದೆ, ಆದರೆ ಕೊಡಗಿನ ಅಡುಗೆಮನೆಯಲ್ಲಿ ಕೈಗೆ ಮೊದಲು ಸಿಗುವುದು ಕಾಚಂಪುಳಿ ಸೀಸೆಯೇ ಅಲ್ವಾ? ಬೇಕಿಂಗ್ ಪೌಡರ್ ಬಳಸುವವರು ಇನ್ನೂ ಹುಷಾರಾಗಿರಬೇಕು. ಅದರೊಳಗೆ ಸೋಡಾ ಮತ್ತು ಹುಳಿ ಎರಡೂ ಇರುವುದರಿಂದ ಜೂನ್, ಜುಲೈನ ಥಂಡಿಗೆ ಡಬ್ಬದಲ್ಲೇ ಕೆಲಸ ಮುಗಿಸಿಕೊಂಡಿರುತ್ತದೆ. ಬಿಸಿನೀರಿಗೆ ಹಾಕಿ ನೋಡಿ, ನೊರೆ ಬರದಿದ್ದರೆ ಎಸೆಯಿರಿ.

ಮೈದಾ ಸೇರಿಸಿದ ಮೇಲೆ ಜಾಸ್ತಿ ಕಲಸಬೇಡಿ. ಒಣ ಹಿಟ್ಟು ಕಾಣದಂತಾದ ಕೂಡಲೇ ನಿಲ್ಲಿಸಿ. ಕಲಸಿದಷ್ಟೂ ಅಂಟು ಬಿಟ್ಟು ಬ್ರೆಡ್ ರಬ್ಬರಿನ ಹಾಗಾಗುತ್ತದೆ.

ಈಗ ಓವನ್. ಕೆಟ್ಟಿರಲಿಕ್ಕಿಲ್ಲ, ಕರೆಂಟ್ ಕೈಕೊಟ್ಟಿರಬಹುದು. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಕಾಯಿಲ್ ಕೊಡುವ ಶಾಖ ಸುಮಾರು 40 ಶೇಕಡಾ ಕಡಿಮೆಯಾಗುತ್ತದೆ. ಹತ್ತು ನಿಮಿಷ ಕಾಯಿಸಿದರೆ ಸಾಕು ಎಂದಿದ್ದರೆ ನೀವು ಇಪ್ಪತ್ತು ನಿಮಿಷ ಕಾಯಿಸಿ. 170 ಡಿಗ್ರಿಯಲ್ಲಿ 55ರಿಂದ 60 ನಿಮಿಷ ಬೇಕಾಗುತ್ತದೆ, ಟಿನ್ ನಡುವಿನ ತಟ್ಟೆಯಲ್ಲಿರಲಿ. ಮೇಲ್ಭಾಗ ಬೇಗ ಕೆಂಪಗಾದರೆ ಫಾಯಿಲ್ ಮುಚ್ಚಿ. ಮೊದಲ ಅರ್ಧ ಗಂಟೆ ಬಾಗಿಲು ತೆರೆದು ಇಣುಕಬೇಡಿ.

ಗಾಳಿ ಮಳೆ ಜೋರಾಗಿರುವ ದಿನ ಓವನ್ ನಂಬುವ ಬದಲು ಗ್ಯಾಸ್ ಹಚ್ಚಿ. ದಪ್ಪ ತಳದ ಪಾತ್ರೆಗೆ ಒಂದು ಪದರ ಕಲ್ಲುಪ್ಪು ಹಾಕಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಟಿನ್ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ, ಆಮೇಲೆ ಕಡ್ಡಿ ಚುಚ್ಚಿ ನೋಡಿ. ಪ್ರೆಷರ್ ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದಿರಬೇಕು. ಮೇಲೆ ಬಣ್ಣ ಅಷ್ಟಾಗಿ ಬರುವುದಿಲ್ಲ, ರುಚಿಗೇನೂ ಕೊರತೆಯಿಲ್ಲ.

ಬಿಸಿ ಇರುವಾಗಲೇ ಕತ್ತರಿಸಿದರೆ ಚೆನ್ನಾಗಿ ಬೆಂದದ್ದೂ ಅಂಟಂಟಾಗಿ ಕಾಣುತ್ತದೆ. ಟಿನ್‌ನಲ್ಲಿ ಹತ್ತು ನಿಮಿಷ, ಹೊರಗೆ ಒಂದು ಗಂಟೆ ಆರಲಿ. ಉಳಿದದ್ದನ್ನು ಮಳೆಗಾಲದಲ್ಲಿ ಎರಡು ದಿನಕ್ಕಿಂತ ಹೊರಗಿಡಬೇಡಿ, ಬೂಷ್ಟು ಬರುತ್ತದೆ. ಫ್ರಿಜ್ಜಿನಲ್ಲಿಟ್ಟು, ಬೇಕಾದಾಗ ತುಂಡು ಮಾಡಿ ಕಾವಲಿಯ ಮೇಲೆ ತುಪ್ಪ ಹಾಕಿ ಬಿಸಿ ಮಾಡಿಕೊಳ್ಳಿ.