ಸೀನು ಬಂದರೆ ಆಪರೇಷನ್ ಯಾಕೆ?

ಜೂನ್ ಮಳೆ ಹಿಡಿದು ಮನೆಯಲ್ಲಿ ಬೂಷ್ಟು ವಾಸನೆ ಶುರುವಾದರೆ, ನನ್ನ ಮೇಜಿನ ಮೇಲೆ ಸ್ಕ್ಯಾನ್ ಫಿಲ್ಮ್‌ಗಳೂ ಬರತೊಡಗುತ್ತವೆ. 'ಡಾಕ್ಟ್ರೇ, ಮೂಗಿನ ಮೂಳೆ ಬೆಂಡಾಗಿದೆಯಂತೆ. ಆಪರೇಷನ್ ಮಾಡಿಬಿಡಿ.' ತೊಂದರೆ ಏನು ಅಂದರೆ, ಎದ್ದ ಕೂಡಲೇ ಸಾಲು ಸೀನು, ಕಣ್ಣು ತುರಿಕೆ, ನೀರು ಸುರಿಯುವುದು.

ಬೆಂಡಾಗಿದೆ ಅನ್ನುವುದು ಎರಡು ಹೊಳ್ಳೆಗಳ ನಡುವಿನ ಗೋಡೆ. ಈ ನಡುಗೋಡೆ ಪೂರ್ತಿ ನೆಟ್ಟಗಿರುವ ಮೂಗು ಅಪರೂಪ. ವರದಿಯಲ್ಲಿ ಬರೆದಿದೆ ಅಂತ ಕೊಯ್ಯಲಾಗದು. ನಾನು ಕೇಳುವುದು, ಯಾವ ಕಡೆ ಕಟ್ಟುತ್ತದೆ ಅಂತ. 'ಒಮ್ಮೆ ಎಡ, ಒಮ್ಮೆ ಬಲ. ಮಲಗಿದರೆ ಕೆಳಗಿನ ಮಗ್ಗುಲು.' ಗೋಡೆ ಹೀಗೆ ಅತ್ತಿತ್ತ ಓಡಾಡುತ್ತಾ? ಊದಿ ಇಳಿಯುವುದು ಅದರ ಎದುರಿನ ಮೆತ್ತನೆಯ ದಿಂಡುಗಳು, ಅಂದರೆ ಟರ್ಬಿನೇಟ್‌ಗಳು. ಆರೋಗ್ಯವಂತರಲ್ಲೂ ಕೆಲವು ಗಂಟೆಗೊಮ್ಮೆ ಸರದಿ ಬದಲಾಗುತ್ತದೆ, ಅಲರ್ಜಿ ಇದ್ದರೆ ಊತ ಜಾಸ್ತಿ. ಅದಕ್ಕೆ ಸ್ಟೀರಾಯ್ಡ್ ಸ್ಪ್ರೇ ಇದೆ. ಎರಡು ದಿನ ಹೊಡೆದು 'ಏನೂ ಆಗಲಿಲ್ಲ' ಅನ್ನಬೇಡಿ, ವಾರಗಟ್ಟಲೆ ಬೇಕು. ಮೆಡಿಕಲ್‌ನಲ್ಲಿ ಸಿಗುವ, ತಕ್ಷಣ ಮೂಗು ಬಿಡಿಸುವ ಡ್ರಾಪ್ಸ್ ಬೇರೆ. ಅದನ್ನು ವಾರಕ್ಕಿಂತ ಹೆಚ್ಚು ಹಾಕಿದರೆ ಅದೇ ಮೂಗು ಕಟ್ಟಿಸುತ್ತದೆ. ನಡುಗೋಡೆ ನೆಟ್ಟಗೆ ಮಾಡಿದರೂ ಅಲರ್ಜಿಯ ಸೀನು ನಿಲ್ಲುವುದಿಲ್ಲ.

ಬೇಸಿಗೆ, ಮಳೆ ಅನ್ನದೆ ಒಂದೇ ಹೊಳ್ಳೆ ಕಟ್ಟಿರುತ್ತದೆ, ಔಷಧಿಗೂ ಬಗ್ಗಿಲ್ಲ, ಒಳಗೆ ನೋಡಿದರೂ ಆ ಕಡೆಗೇ ವಾಲಿದೆ ಅಂದರೆ ನಡುಗೋಡೆ ನೆಟ್ಟಗೆ ಮಾಡುವ ಆಪರೇಷನ್, ಸೆಪ್ಟೋಪ್ಲಾಸ್ಟಿ, ಸಾಮಾನ್ಯವಾಗಿ ಕೈಹಿಡಿಯುತ್ತದೆ. ಹೊಳ್ಳೆಯ ಒಳಗಿನಿಂದಲೇ ಮಾಡುವುದು, ಹೊರಗೆ ಗಾಯ ಕಾಣದು. ಹೊರಗಿನ ಆಕಾರವೂ ಬದಲಾಗದು! ಒಬ್ಬ ತಾಯಿ ಮಗನ ಮುಖ ಅತ್ತಿತ್ತ ತಿರುಗಿಸಿ ನೋಡಿ, 'ಮೂಗು ಹಾಗೇ ಇದೆಯಲ್ಲ, ಹುಡುಗಿ ನೋಡೋಕೆ ಹೋಗೋದು ಹೇಗೆ?' ಅಂದರು. ಹುಡುಗನಿಗೆ ಉಸಿರಾಟ ಸಲೀಸಾಗಿತ್ತು, ಅದು ಅವರಿಗೆ ಲೆಕ್ಕಕ್ಕಿಲ್ಲ. ಹೊರಗಿನ ಸೊಟ್ಟಕ್ಕೆ ಮೂಗಿನ ಆಕಾರ ತಿದ್ದುವ ರೈನೋಪ್ಲಾಸ್ಟಿ ಬೇಕು. ಎರಡೂ ಇದ್ದರೆ ಒಟ್ಟಿಗೇ ಮಾಡಬಹುದು, ಆದರೆ ಅಂತಿಮ ಆಕಾರ ಕಾಣಲು ವರ್ಷ ಹಿಡಿಯಬಹುದು.

ಅವಸರ ಬೇಕಾದ ಕಡೆ ಮಾತ್ರ ನಮ್ಮವರಿಗೆ ಅವಸರವಿಲ್ಲ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಟೂರ್ನಮೆಂಟ್ ಈಗ ದೊಡ್ಡ ಹಬ್ಬ. ಸ್ಟಿಕ್ ಮೂಗಿಗೆ ಬಡಿದರೂ 'ಟೂರ್ನಮೆಂಟ್ ಮುಗೀಲಿ' ಅನ್ನುತ್ತಾರೆ. ಪೆಟ್ಟಾದ ಮೇಲೆ ಮೂಗಿನೊಳಗೆ ಮೆತ್ತಗೆ ಊದಿ ಎರಡೂ ಕಡೆ ಕಟ್ಟಿದರೆ ಅವತ್ತೇ ಬನ್ನಿ. ನಡುಗೋಡೆಯ ಪೊರೆಯಡಿ ರಕ್ತ ನಿಂತಿರಬಹುದು. ತೆಗೆಯದಿದ್ದರೆ ಒಳಗಿನ ಮೆತ್ತನೆಯ ಎಲುಬು, ಮೃದ್ವಸ್ಥಿ, ಸತ್ತು ಮೂಗಿನ ಬೆನ್ನೇ ಕುಸಿಯಬಹುದು. ಬರೀ ಮೂಳೆ ಸರಿದಿದ್ದರೆ, ದೊಡ್ಡವರಲ್ಲಿ ಎರಡು ವಾರದೊಳಗೆ ಕೂರಿಸುವುದು ಸುಲಭ. ಮಕ್ಕಳಲ್ಲಿ ಇನ್ನೂ ಬೇಗ ಆಗಬೇಕು. ಬರುವಾಗ ಪೆಟ್ಟು ಬೀಳುವ ಮುಂಚಿನ ಒಂದು ಫೋಟೊ ತನ್ನಿ. ಹಾಕಿ ಸ್ಟಿಕ್ಕಿನ ಮೇಲೆ ಹೊರಿಸಿದ ಸೊಟ್ಟ, ಎಷ್ಟೋ ಸಲ ಮದುವೆ ಆಲ್ಬಮ್ಮಿನಲ್ಲೇ ಇರುತ್ತದೆ.