ಟ್ರೈನ್ ಕಡೆಗಿನ ಕ್ಲಾಸ್‌ರೂಮು

"ಮಕ್ಕಳಲ್ವಾ, ಗಲಾಟೆಗೆ ಅಡ್ಜಸ್ಟ್ ಆಗ್ಬಿಡ್ತಾರೆ ಬಿಡಿ" ಅಂತ ಯಾರಾದ್ರೂ ಅಂದ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ. ಅಡ್ಜಸ್ಟ್ ಆಗ್ತಾರೆ, ಸುಳ್ಳಲ್ಲ. ಪ್ರಾಬ್ಲಮ್ಮೇ ಅದು.

ಸ್ಕೂಲ್ ಇರೋ ಜಾಗಕ್ಕೂ ಓದಿಗೂ ಏನ್ ಸಂಬಂಧ ಅಂದ್ರೆ ಎಲ್ರೂ ಸೀದಾ ಸಿಟಿ-ಹಳ್ಳಿ ಜಗಳಕ್ಕೆ ಇಳೀತಾರೆ, ಅದ್ರಲ್ಲಿ ಮನೆ ಆದಾಯ, ಅಪ್ಪ-ಅಮ್ಮನ ಓದು, ಟೀಚರ್ ಕೊರತೆ ಎಲ್ಲಾ ಕಲಸುಮೇಲೋಗರ ಆಗಿರುತ್ತೆ, ಬರೀ ಜಾಗದ ಪಾಲು ಎಷ್ಟು ಅಂತ ಬಿಡಿಸೋಕೇ ಆಗಲ್ಲ. ಮನೆಯಿಂದ ಸ್ಕೂಲ್ ಎಷ್ಟು ದೂರ ಅನ್ನೋದ್ರದ್ದು ಸ್ವಲ್ಪ ಕ್ಲಿಯರ್ ಇದೆ: ಆಫ್ಘಾನಿಸ್ತಾನದ ಘೋರ್ ಪ್ರಾಂತ್ಯದಲ್ಲಿ ಊರೊಳಗೇ ಸ್ಕೂಲ್ ತೆರೆದು ನೋಡಿದ್ರು, ಒಂದೊಂದು ಮೈಲಿ ದೂರಕ್ಕೂ ಸ್ಕೂಲಿಗೆ ಸೇರೋರು 16 ಪರ್ಸೆಂಟೇಜ್ ಪಾಯಿಂಟ್ ಕಮ್ಮಿ, ಅದ್ರಲ್ಲೂ ಹೆಣ್ಮಕ್ಕಳಿಗೇ ಹೊಡೆತ ಜಾಸ್ತಿ.

ಆದ್ರೆ ನಂಗೆ ಪ್ರಾಣ ಅಂದ್ರೆ ನ್ಯೂಯಾರ್ಕಿನ ಒಂದು ಪ್ರೈಮರಿ ಸ್ಕೂಲಿನ ಕಥೆ. ಆರ್ಲೀನ್ ಬ್ರಾನ್ಜಾಫ್ಟ್ ಅನ್ನೋ ಮನಶ್ಶಾಸ್ತ್ರಜ್ಞೆ ಕಾಲೇಜಲ್ಲಿ ಪಾಠ ಮಾಡ್ತಿದ್ರು, ಅವ್ರ ಸ್ಟೂಡೆಂಟ್ ಒಬ್ರ ಮಗು ಆ ಸ್ಕೂಲಲ್ಲಿತ್ತು, ಟ್ರೈನ್ ಸದ್ದಿಗೆ ಪಾಠಾನೇ ಕೇಳ್ಸಲ್ಲ ಅಂತ ಆ ತಾಯಿ ಹೇಳ್ಕೊಂಡ್ರು, ಅಲ್ಲಿಂದ ಶುರು. ಒಂದೇ ಬಿಲ್ಡಿಂಗು, ಒಂದೇ ಏರಿಯಾ ಮಕ್ಕಳು. ಒಂದು ಮಗ್ಗುಲಿನ ಕ್ಲಾಸುಗಳ ಪಕ್ಕದಲ್ಲಿ ಮಾತ್ರ ಎತ್ತರದ ಹಳಿ. ನಾಲ್ಕೂವರೆ ನಿಮಿಷಕ್ಕೊಂದು ಟ್ರೈನು, 89 ಡೆಸಿಬೆಲ್ ತನಕ ಸದ್ದು, ಟೀಚರ್ ವಾಕ್ಯದ ಮಧ್ಯೆ ಬಾಯಿ ಮುಚ್ಚಿ ಅರ್ಧ ನಿಮಿಷ ಕಾಯ್ಬೇಕು. 1975ರ ಅವ್ರ ರಿಪೋರ್ಟ್ ಪ್ರಕಾರ 6ನೇ ಕ್ಲಾಸಿನ ಹೊತ್ತಿಗೆ ಹಳಿ ಮಗ್ಗುಲಿನ ಮಕ್ಕಳು ಓದೋದ್ರಲ್ಲಿ ಆ ಮಗ್ಗುಲಿನವ್ರಿಗಿಂತ ಹತ್ರತ್ರ ಒಂದು ವರ್ಷ ಹಿಂದೆ!

ಬರೀ ಪಾಠದ ಟೈಮ್ ಹೋಯ್ತು ಅಂತಲ್ಲ. ದಿನಾ ಸದ್ದಲ್ಲಿ ಕೂರೋ ಮಗು ಅದನ್ನ ಕೇಳಿಸ್ಕೊಳ್ದೇ ಇರೋದನ್ನ ಕಲಿಯುತ್ತೆ. ಧೂಳು ಬರುತ್ತೆ ಅಂತ ಕಿಟಕಿ ಮುಚ್ಚಿದ್ರೆ ಗಾಳೀನೂ ನಿಲ್ಲುತ್ತಲ್ಲ, ಹಾಗೆ. ಟ್ರೈನ್ ಜೊತೆಗೆ ಟೀಚರ್ ಮಾತೂ ಆಚೆ. ಇಲ್ಲಾಂದ್ರೆ ಕಣ್ಣು ತೀರಾ ಸಣ್ಣ ಇರೋ ಜರಡಿ ಅಂದ್ಕೊಳ್ಳಿ, ಕಲ್ಲಿನ ಜೊತೆ ಕಾಳೂ ಮೇಲೇ ಉಳಿಯುತ್ತೆ. ದೊಡ್ಡೋರು "ಮಳೆ ಬಂತು, ... ತಗೊಂಡ್ ಹೋಗು" ಅಂದ್ರೆ ಕೊಡೆ ಅಂತ ತಾವೇ ತುಂಬ್ಕೋತಾರೆ, ಆರು ವರ್ಷದ ಮಗು ಹತ್ರ ಹಾಗೆ ತುಂಬೋಕೆ ಪದಗಳ ಸ್ಟಾಕ್ ಎಲ್ಲಿದೆ? ಕಲ್ಲು-ಹಲ್ಲು ನಡುವಿನ ವ್ಯತ್ಯಾಸ ಕಿವಿಗೆ ಬೀಳದಿದ್ರೆ ಅಕ್ಷರಕ್ಕೆ ಸದ್ದು ಜೋಡ್ಸೋದು ಹೇಗೆ? ಇದಕ್ಕೂ ಮುಂಚೆ, 1973ರಲ್ಲೇ, ಹೈವೇ ಮೇಲೆ ಕಟ್ಟಿದ 32 ಮಹಡಿ ಅಪಾರ್ಟ್‌ಮೆಂಟುಗಳಲ್ಲಿ ಇಂಥದ್ದೇ ಸಿಕ್ಕಿತ್ತು: ಸದ್ದು ಜಾಸ್ತಿ ಇರೋ ಕೆಳಗಿನ ಮಹಡಿ ಮಕ್ಕಳಿಗೆ ಒಂದೇ ಥರ ಕೇಳೋ ಪದಗಳನ್ನ ಬೇರೆ ಮಾಡೋದು ಕಷ್ಟ, ಓದೋದೂ ವೀಕು.

1992ರಲ್ಲಿ ಮ್ಯೂನಿಕ್ ಏರ್‌ಪೋರ್ಟ್ ಜಾಗ ಬದಲಾಯ್ತು ನೋಡಿ, ವಿಜ್ಞಾನಿಗಳಿಗೆ ಲಾಟರಿ. ಹೊಸ ಏರ್‌ಪೋರ್ಟ್ ಪಕ್ಕದ ಮಕ್ಕಳ ಓದು, ನೆನಪು ಕುಸೀತು, ಹಳೇದ್ರ ಪಕ್ಕದವ್ರದ್ದು ಚೇತರಿಸ್ಕೊಳ್ತು.

ನ್ಯೂಯಾರ್ಕಲ್ಲಿ ಸ್ಕೂಲೇನೂ ಎತ್ತಂಗಡಿ ಆಗ್ಲಿಲ್ಲ. ಹಳಿ ಕೆಳಗೆ ರಬ್ಬರ್ ಪ್ಯಾಡ್ ಹಾಕಿದ್ರು, ಕ್ಲಾಸಿಗೆ ಸದ್ದು ಹೀರೋ ಸೀಲಿಂಗ್ ಕೂರ್ಸಿದ್ರು. 1981ರಲ್ಲಿ ಮತ್ತೆ ನೋಡಿದ್ರೆ ಎರಡೂ ಮಗ್ಗುಲಿನ ಮಕ್ಕಳು ಸಮ.