ಕಂಬದೊಳಗೆ ಟಕ್ ಟಕ್

ಹಾಯಿದೋಣಿಯಲ್ಲಿ ರಾತ್ರಿ ಮಲಗಿದವರಿಗೆ ಈ ಕಾಟ ಗೊತ್ತಿರುತ್ತದೆ. ಗಾಳಿ ಇಲ್ಲ, ಅಲೆಯೂ ಸಣ್ಣದು, ಆದರೂ ಹಾಯಿ ಕಟ್ಟುವ ಕಂಬದೊಳಗಿಂದ ಟಕ್... ಟಕ್... ಎಷ್ಟೋ ದೋಣಿಗಳಲ್ಲಿ ಈ ಕಂಬ ಡೆಕ್ ತೂರಿಕೊಂಡು ಕ್ಯಾಬಿನ್ ಒಳಗೇ ಇಳಿದು ತಳದ ಮೇಲೆ ನಿಂತಿರುತ್ತದೆ. ನಿದ್ದೆ ಬಂದ ಹಾಗೇ!

ಕಂಬ ಸಾಮಾನ್ಯವಾಗಿ ಟೊಳ್ಳು ಅಲ್ಯೂಮಿನಿಯಂ. ಒಳಗೆ ಹಾಯಿ ಏರಿಸುವ ಹಗ್ಗಗಳು, ತುದಿಯ ದೀಪದ ವೈರು, ರೇಡಿಯೋ ಆಂಟೆನಾದ ಕೇಬಲ್. ಅಲ್ಯೂಮಿನಿಯಂನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ. 15 ಮೀಟರ್ ಎತ್ತರದಲ್ಲಿ ಬಡಿದದ್ದು 3 ಮಿಲಿಸೆಕೆಂಡಿನಲ್ಲಿ ಕೆಳಗಿರುತ್ತದೆ, ಇಡೀ ಕಂಬವೇ ಮೊಳಗುತ್ತದೆ. ಹಾಗಾಗಿ ಕಿವಿ ಇಟ್ಟು ಎಲ್ಲಿ ಅಂತ ಹುಡುಕಬೇಡಿ, ಯಾವಾಗ ಅಂತ ಗಮನಿಸಿ.

ದೋಣಿ ಎಡಕ್ಕೆ ವಾಲಿದಾಗ ಒಂದು, ಬಲಕ್ಕೆ ವಾಲಿದಾಗ ಇನ್ನೊಂದು ಬಂದರೆ ಒಳಗೆ ಸಡಿಲವಾಗಿ ನೇತಾಡುವ ವೈರಿನ ಮೇಲೇ ಜಾಸ್ತಿ ಅನುಮಾನ. ಗಾಳಿ ಬೀಸಿದಾಗ ಮಾತ್ರ ಟಣ ಟಣ ಅಂದರೆ ಹೊರಗಿನ ಹಗ್ಗ. ಶಾಲೆಯ ಧ್ವಜಸ್ತಂಭದಲ್ಲಿ ಕೇಳಿದ್ದೀರಲ್ವಾ, ಅದೇ. ಇದಕ್ಕೆ ಸುಮ್ನೆ ಹಗ್ಗವನ್ನು ಕಂಬದಿಂದ ದೂರಕ್ಕೆ ಎಳೆದು ಕಟ್ಟಿದರೆ ಸಾಕು. ಒಳಗಿನ ಹಗ್ಗಗಳಾದರೆ ಒಂದೊಂದನ್ನೇ ಬಿಗಿದು ನೋಡಿ. ಎಲ್ಲ ಬಿಗಿದ ಮೇಲೂ ಟಕ್ ನಿಲ್ಲಲಿಲ್ಲವೋ, ಕಳ್ಳ ವೈರೇ.

ಬಡಿತವಲ್ಲ, ಗುಂಯ್ ಅನ್ನುವ ರಾಗ ಅಂದರೆ ಅದು ಗಾಳಿಯದೇ ಕೆಲಸ. ಕಂಬ ಬೀಳದಂತೆ ಹೊರಗಿನಿಂದ ಎಳೆದು ಹಿಡಿದಿರುವ ತಂತಿಯ ಹಿಂದೆ ಗಾಳಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸುಳಿ ಬಿಡುತ್ತಾ ಹೋಗುತ್ತದೆ. 1878ರಲ್ಲಿ ಚೆಕ್ ವಿಜ್ಞಾನಿ ಸ್ಟ್ರೌಹಾಲ್ ಇದರ ಲೆಕ್ಕ ಹಿಡಿದರು: ಗಾಳಿಯ ವೇಗವನ್ನು ದಪ್ಪದಿಂದ ಭಾಗಿಸಿ, ಸುಮಾರು 0.2ರಿಂದ ಗುಣಿಸಿ. ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ 8 ಮಿಲಿಮೀಟರ್ ತಂತಿ 250 ಹರ್ಟ್ಸ್‌ನಲ್ಲಿ ಹಾಡುತ್ತದೆ. 15 ಸೆಂಟಿಮೀಟರ್ ಕಂಬಕ್ಕೆ ಅದೇ ಲೆಕ್ಕ 13 ಹರ್ಟ್ಸ್, ಕಿವಿಗೆ ಕೇಳಿಸದು, ಆದರೆ ಕಂಬದ ಸ್ವಂತ ಕಂಪನಕ್ಕೆ ತಾಳ ಕೂಡಿಬಿಟ್ಟರೆ ದೋಣಿಯೇ ನಡುಗುತ್ತದೆ. ಆಗ ಕಂಬಕ್ಕೆ ಹಗ್ಗವನ್ನು ಬಳ್ಳಿಯ ಹಾಗೆ ಸುತ್ತುತ್ತಾರೆ. ಸುಳಿಗಳ ಒಗ್ಗಟ್ಟು ಮುರಿಯುತ್ತದೆ.

ವೈರಿಗೆ ನನಗಿಷ್ಟದ ಮದ್ದು ಕೇಬಲ್ ಟೈ, ಅಂದರೆ ವೈರು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ. ಕಂಬ ಇಳಿಸಿದಾಗ ವೈರನ್ನು ಹೊರಗೆಳೆದು, ಅರ್ಧ ಮೀಟರಿಗೊಮ್ಮೆ ಮೂರು ಟೈ, ಮೂರು ದಿಕ್ಕಿಗೆ. ಬಾಲ ಕತ್ತರಿಸಬೇಡಿ. ಆ ಬಾಲಗಳೇ ಮೀಸೆಯ ಹಾಗೆ ಗೋಡೆಗೆ ಒತ್ತಿ ವೈರನ್ನು ನಡುವೆ ಹಿಡಿಯುತ್ತವೆ. ಒಳಗೆ ಹಗ್ಗಗಳೂ ಓಡಾಡುತ್ತಿದ್ದರೆ ಬಾಲಕ್ಕೆ ತೊಡರುವ ಭಯ ಇದೆ, ಅಂಥ ಕಂಬಕ್ಕೆ ವೈರು ಹಾಯಲು ಬೇರೆ ಪೈಪ್ ಕೂರಿಸುವುದೇ ವಾಸಿ. ಒಳಗೆಲ್ಲಾ ಫೋಮ್ ತುಂಬಿಸುವ ಸಾಹಸ ಮಾತ್ರ ಬೇಡ: ಮಳೆ ನೀರು ಇಳಿಯಲು ದಾರಿ ಇರುವುದಿಲ್ಲ, ನಾಳೆ ದೀಪ ಕೆಟ್ಟರೆ ಹಳೆಯ ವೈರು ಜಪ್ಪಯ್ಯ ಅಂದರೂ ಈಚೆ ಬರುವುದಿಲ್ಲ.